ಹಲ್ಲು ಹುಳುಕಾಗುವ ಮುನ್ನವೇ ಲೆಕ್ಕ ಹಾಕೋಣ

ಮಕ್ಕಳೇ, ರವಿ ಮತ್ತು ಸುಮಾ ಇಬ್ಬರ ಬಳಿಯೂ ಆರಾರು ಪೆಪ್ಪರ್‌ಮೆಂಟುಗಳಿದ್ದವು. ರವಿ ಆರನ್ನೂ ಮಧ್ಯಾಹ್ನದ ಊಟದ ಜೊತೆಗೇ ತಿಂದು ಮುಗಿಸಿದ. ಸುಮಾ ಗಂಟೆಗೊಂದರಂತೆ ಸಂಜೆಯವರೆಗೂ ಚೀಪಿದಳು. ಇಬ್ಬರೂ ತಿಂದ ಸಕ್ಕರೆ ಒಂದೇ ಅಳತೆ. ಹಾಗಾದರೆ ಯಾರ ಹಲ್ಲಿಗೆ ಅಪಾಯ ಹೆಚ್ಚು? ಸುಮಾಳ ಹಲ್ಲಿಗೆ! ಏಕೆಂದು ತಿಳಿಯೋಣ.

ಆಮ್ಲದ ದಾಳಿ

ಹುಳುಕು ಹಲ್ಲಿನೊಳಗೆ ಹುಳು ಇರುವುದಿಲ್ಲ. ಹಲ್ಲಿನ ಮೇಲೆ ಕೂರುವ ಅಂಟು ಪದರದಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಅವು ಸಕ್ಕರೆಯನ್ನು ಬಳಸಿಕೊಂಡು ಆಮ್ಲವನ್ನು ಉಂಟುಮಾಡುತ್ತವೆ. ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್‌ನ ಖನಿಜಗಳನ್ನು ಕರಗಿಸುತ್ತದೆ.

1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಈ ಪದರದ ಪಿಎಚ್ ಅಳೆದರು. ಗ್ಲೂಕೋಸ್ ದ್ರಾವಣದಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಪಿಎಚ್ ಕುಸಿಯಿತು. ಅದು ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಯಿತು. ಪಿಎಚ್ ಸುಮಾರು 5.5ಕ್ಕಿಂತ ಕಡಿಮೆಯಾದಾಗ ಎನಾಮೆಲ್ ಕರಗತೊಡಗುತ್ತದೆ. ಬಳಿಕ ಜೊಲ್ಲು ಆಮ್ಲವನ್ನು ತಟಸ್ಥಗೊಳಿಸಿ, ಕಳೆದುಹೋದ ಖನಿಜಗಳನ್ನು ಹಲ್ಲಿಗೆ ಮರಳಿಸುತ್ತದೆ. ರವಿಯ ಹಲ್ಲಿಗೆ ಪೆಪ್ಪರ್‌ಮೆಂಟಿನಿಂದ ಬೇರೆ ದಾಳಿ ಆಗಲಿಲ್ಲ, ಊಟದ ದಾಳಿಯಲ್ಲೇ ಅದೂ ಸೇರಿಹೋಯಿತು. ಸುಮಾಳ ಹಲ್ಲಿಗೆ ಆರು ದಾಳಿ! ಜೊಲ್ಲಿಗೆ ದುರಸ್ತಿ ಮಾಡಲು ಬಿಡುವೇ ಸಿಗಲಿಲ್ಲ.

ಬಣ್ಣದ ವೃತ್ತ

ದಂತವೈದ್ಯರು ತೂತನ್ನು ಹುಡುಕುವುದಷ್ಟೇ ಅಲ್ಲ, ಮುಂದೆ ತೂತು ಬೀಳುವ ಸಾಧ್ಯತೆ ಎಷ್ಟೆಂದೂ ಅಂದಾಜು ಮಾಡುತ್ತಾರೆ. ಇದನ್ನು ಕಲಿಸಲೆಂದು ಸ್ವೀಡನ್ ದೇಶದ ಮಾಲ್ಮೋ ನಗರದ ಪ್ರಾಧ್ಯಾಪಕ ಡಗ್ಲಾಸ್ ಬ್ರಾಟ್‌ಹಾಲ್ 1990ರ ದಶಕದಲ್ಲಿ ‘ಕೇರಿಯೋಗ್ರಾಮ್’ ಎಂಬ ವೃತ್ತಚಿತ್ರವನ್ನು ರೂಪಿಸಿದರು. ಅದರ ಭಾಗಗಳು ಹೀಗಿವೆ:

ಕಡುನೀಲಿ – ಆಹಾರ, ಎಷ್ಟು ಬಾರಿ ತಿನ್ನುತ್ತೇವೆ ಎಂಬುದು
ಕೆಂಪು – ಅಂಟು ಪದರ ಮತ್ತು ಬ್ಯಾಕ್ಟೀರಿಯಾ
ತಿಳಿನೀಲಿ – ಫ್ಲೋರೈಡ್ ಮತ್ತು ಜೊಲ್ಲಿನ ರಕ್ಷಣೆಯಲ್ಲಿನ ಕೊರತೆ
ಹಳದಿ – ಹಿಂದೆ ಆಗಿದ್ದ ಹುಳುಕು, ಇತರ ಕಾಯಿಲೆ
ಹಸಿರು – ಹೊಸ ಹುಳುಕಿನಿಂದ ಪಾರಾಗುವ ಸಾಧ್ಯತೆ

ಉಳಿದ ಬಣ್ಣಗಳು ಕುಗ್ಗಿದಷ್ಟೂ ಹಸಿರು ಹಿಗ್ಗುತ್ತದೆ. ಇದು ಭವಿಷ್ಯವಾಣಿಯಲ್ಲ. ಅಭ್ಯಾಸ ಬದಲಾದರೆ ಚಿತ್ರವೂ ಬದಲಾಗುತ್ತದೆ.

ಆರನೇ ವರ್ಷದ ಹಲ್ಲು

ಸುಮಾರು ಆರನೇ ವಯಸ್ಸಿನಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ ಹೊಸ ದವಡೆ ಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹೀಗಾಗಿ ಅನೇಕರು ಅದನ್ನೂ ಹಾಲುಹಲ್ಲೆಂದೇ ತಿಳಿದು, ಹಾಳಾದರೆ ಬೇರೆ ಬರುತ್ತದೆ ಎಂದು ಸುಮ್ಮನಿರುತ್ತಾರೆ. ಆದರೆ ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಹುಟ್ಟದು. ಹುಳುಕು ಬಿಳಿ ಮಚ್ಚೆಯ ಹಂತದಲ್ಲಿದ್ದರೆ ತಡೆಯಬಹುದು. ತೂತು ಬಿದ್ದ ಮೇಲೆ ಹಲ್ಲು ತಾನಾಗಿ ತುಂಬಿಕೊಳ್ಳುವುದಿಲ್ಲ.

ಮಾಡಿ ನೋಡಿ

1. ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದಿರಿ, ಕುಡಿದಿರಿ? ಸಮಯದೊಂದಿಗೆ ಬರೆಯಿರಿ. ಸಕ್ಕರೆ ಹಾಕಿದ ಚಹಾ, ಬಿಸ್ಕತ್ತು, ಬೆಲ್ಲದ ಚಿಕ್ಕಿ ಎಲ್ಲವೂ ಸೇರಲಿ.
2. ಊಟ, ತಿಂಡಿಯ ನಡುವೆ ಸಿಹಿ ತಿಂದ ಪ್ರತಿ ಬಾರಿಗೂ ಒಂದು ಗೆರೆ ಎಳೆಯಿರಿ.
3. ಒಂದು ಗೆರೆಗೆ 30 ನಿಮಿಷದಂತೆ ಗುಣಿಸಿ. ನಿಮ್ಮ ಹಲ್ಲು ಎಷ್ಟು ಹೊತ್ತು ಆಮ್ಲದಲ್ಲಿತ್ತು ಎಂಬ ಅಂದಾಜು ಸಿಗುತ್ತದೆ.
4. ಮರುದಿನ ಒಂದಾದರೂ ಗೆರೆ ಕಡಿಮೆ ಮಾಡಿ. ರಾತ್ರಿ ಹಲ್ಲುಜ್ಜಿದ ಮೇಲೆ ನೀರನ್ನು ಬಿಟ್ಟು ಬೇರೇನೂ ಬೇಡ.

ಶಿಕ್ಷಕರಿಗೆ: ಪಟ್ಟಿಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿ. ಹುಳುಕು ಹಲ್ಲಿನ ಮಗುವಿಗೆ ಅವಮಾನವಾಗಬಾರದು. ಆರು ವರ್ಷ ದಾಟಿದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಅದನ್ನು ನುಂಗದೆ ಉಗುಳಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಊರುಗಳು ನಮ್ಮ ರಾಜ್ಯದಲ್ಲಿವೆ. ಅಂಥಲ್ಲಿ ಹಲ್ಲಿನ ಮೇಲೆ ಕಾಣುವ ಕಂದು ಕಲೆ ಫ್ಲೋರೋಸಿಸ್ ಆಗಿರಬಹುದು, ಹುಳುಕೆಂದು ನೀವೇ ತೀರ್ಮಾನಿಸದೆ ದಂತವೈದ್ಯರಿಗೆ ತೋರಿಸಲು ಪೋಷಕರಿಗೆ ತಿಳಿಸಿ.