ಇಳಿತ ನೋಡಿ ಹೊರಡಿ: ಹೋಲಿ ಐಲ್ಯಾಂಡಿಗೆ ಮೊದಲ ಸಲ ನಡೆದು ಹೋಗುವವರಿಗೆ

ಬೇಸಿಗೆಗೆಂದು ಇಂಗ್ಲೆಂಡಿನ ಮಗನ ಮನೆಗೋ ಮಗಳ ಮನೆಗೋ ಬಂದಿಳಿದವರಿಗೆ ಲಂಡನ್ ತೋರಿಸಿಯಾಯಿತು, ಮುಂದೇನು ಎಂದು ಕೇಳುವವರಿಗೆಲ್ಲ ನಾನು ಹೇಳುವ ಹೆಸರು ಲಿಂಡಿಸ್‌ಫಾರ್ನ್. ಅಲ್ಲಿಯವರ ಬಾಯಲ್ಲಿ ಅದು ಹೋಲಿ ಐಲ್ಯಾಂಡ್. ಸ್ಕಾಟ್ಲೆಂಡಿನ ಗಡಿಗೆ ಸ್ವಲ್ಪ ಕೆಳಗೆ, ನಾರ್ಥಂಬರ್‌ಲ್ಯಾಂಡ್ ಕರಾವಳಿಯಲ್ಲಿದೆ. ದಿನಕ್ಕೆ ಎರಡು ಸಲ ಸಮುದ್ರ ಉಕ್ಕಿ ಅದನ್ನು ದ್ವೀಪ ಮಾಡುತ್ತದೆ, ಎರಡು ಸಲ ಹಿಂದೆ ಸರಿದು ದಡಕ್ಕೆ ಸೇರಿಸುತ್ತದೆ. 635ರಲ್ಲಿ ಸಂತ ಐಡನ್ ಅಯೋನಾ ದ್ವೀಪದಿಂದ ಬಂದು ಮಠ ಕಟ್ಟಿದ್ದು ಇಲ್ಲೇ. ಕಡಲು, ನಡಿಗೆ, ಪ್ರಾರ್ಥನೆ ಮೂರೂ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಹಂತ 1: ಟಿಕೆಟ್‌ಗಿಂತ ಮೊದಲು ಉಬ್ಬರವಿಳಿತದ ಪಟ್ಟಿ

ನಾರ್ಥಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ಪ್ರತಿದಿನಕ್ಕೂ ಸುರಕ್ಷಿತ ದಾಟುವಿಕೆಯ ವೇಳೆಯನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ಮೊದಲು ಅದನ್ನು ತೆರೆದು, ನೀವು ಹೋಗಬೇಕೆಂದಿರುವ ವಾರವನ್ನು ನೋಡಿ. ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹೀಗಾಗಿ ಒಂದು ವಾರದಲ್ಲಿ ನಡುಹಗಲಿಗೆ ಸಿಗುವ ಇಳಿತ ಮುಂದಿನ ವಾರ ಸಂಜೆಗೆ ಜಾರಿರುತ್ತದೆ. ನಡುಹಗಲಿನ ಇಳಿತ ಬೀಳುವ ದಿನವನ್ನೇ ಗುರುತು ಹಾಕಿಕೊಂಡು, ಆಮೇಲೆ ರೈಲು, ಕೋಣೆ ಎಲ್ಲ.

ಈ ರಜೆಯ ಗಡಿಯಾರ ನಿಮ್ಮ ಕೈಲಿಲ್ಲ. ಬೆಳಗ್ಗೆ ಎಂಟಕ್ಕೆ ಇದು, ಹತ್ತಕ್ಕೆ ಅದು ಎಂದು ಪಟ್ಟಿ ಮಾಡಿಕೊಂಡು ಓಡುವವರಿಗೆ ಇಲ್ಲಿ ಸಿಟ್ಟು ಬರುವುದು ಖಂಡಿತ.

ಹಂತ 2: ಚೀಲ

ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ಬೆರಿಕ್-ಅಪಾನ್-ಟ್ವೀಡ್‌ಗೆ ರೈಲಿನಲ್ಲಿ ನಾಲ್ಕು ಗಂಟೆಯ ಆಸುಪಾಸು. ಜುಲೈ ಎಂದು ಹಗುರ ಬಟ್ಟೆ ಮಾತ್ರ ತುಂಬಿಕೊಳ್ಳಬೇಡಿ. ನಾರ್ತ್ ಸೀ ನೀರು ಆಗಲೂ ಹದಿನಾಲ್ಕು ಡಿಗ್ರಿ ಆಚೀಚೆ, ಗಾಳಿಗೆ ಬಿಡುವೇ ಇಲ್ಲ. ಒಂದು ಸ್ವೆಟರ್, ಮಳೆ ಜಾಕೆಟ್, ಟೋಪಿ, ಎರಡು ಜೊತೆ ಒಣ ಕಾಲುಚೀಲ, ಸಣ್ಣ ಟವೆಲ್ ಬೇಕೇ ಬೇಕು. ಓದಲು ಒಂದೇ ಪುಸ್ತಕ ಸಾಕು. ನನ್ನ ಶಿಫಾರಸು ಮಾರ್ಕನ ಸುವಾರ್ತೆ. ಚಿಕ್ಕದು, ಅದರ ಮೊದಲರ್ಧ ಬಹುಪಾಲು ಕೆರೆಯ ದಡದಲ್ಲೇ ನಡೆಯುತ್ತದೆ. ಏಡಿ ಸ್ಯಾಂಡ್‌ವಿಚ್ ಇಲ್ಲಿನ ಹೆಸರಾಂತ ತಿನಿಸು. ಸಸ್ಯಾಹಾರಿಗಳು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡರೆ ನೆಮ್ಮದಿ.

ಹಂತ 3: ಕಾಲು ಪಳಗಲಿ

ಮರಳಿನ ಮೇಲೆ ನಡೆದು ಅಭ್ಯಾಸವಿಲ್ಲದವರು ಮೊದಲ ದಿನವೇ ದ್ವೀಪಕ್ಕೆ ಹೊರಡಬಾರದು. ಬ್ಯಾಮ್‌ಬರಾದಿಂದ ಸೀಹೌಸಸ್‌ವರೆಗೆ ಕಡಲತೀರದಲ್ಲೇ ಸುಮಾರು ಐದು ಕಿಲೋಮೀಟರ್ ನಡೆಯಿರಿ. ಬೆನ್ನ ಹಿಂದೆ ಕೋಟೆ, ಎಡಕ್ಕೆ ನೀರು, ದಾರಿ ತಪ್ಪುವ ಭಯವಿಲ್ಲ. ಹೊರಡುವ ಮೊದಲು ಬ್ಯಾಮ್‌ಬರಾದ ಸಂತ ಐಡನ್ ದೇವಾಲಯದಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ. 651ರಲ್ಲಿ ಐಡನ್ ತೀರಿಕೊಂಡದ್ದು ಈ ಊರಲ್ಲಿ. ಅವರು ಹಳ್ಳಿಹಳ್ಳಿಗೂ ನಡೆದೇ ಹೋಗುತ್ತಿದ್ದರಂತೆ. ರಾಜ ಆಸ್ವಿನ್ ಕೊಟ್ಟ ಒಳ್ಳೆಯ ಕುದುರೆಯನ್ನು ದಾರಿಯಲ್ಲಿ ಸಿಕ್ಕ ಭಿಕ್ಷುಕನಿಗೆ ಜೀನು ಸಮೇತ ಕೊಟ್ಟುಬಿಟ್ಟ ಕಥೆಯನ್ನು ಬೀಡ್ ಎಂಬ ಚರಿತ್ರಕಾರ ಬರೆದಿಟ್ಟಿದ್ದಾರೆ. ರಾಜನಿಗೆ ಕೋಪ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಸೀಹೌಸಸ್‌ನಿಂದ ಫಾರ್ನ್ ದ್ವೀಪಗಳಿಗೆ ದೋಣಿ ಉಂಟು. ಲಿಂಡಿಸ್‌ಫಾರ್ನ್‌ನ ಬಿಷಪ್ ಆಗಿದ್ದ ಸಂತ ಕತ್‌ಬರ್ಟ್ ಒಂಟಿಯಾಗಿ ತಪಸ್ಸಿಗೆ ಕೂತು, 687ರಲ್ಲಿ ಪ್ರಾಣ ಬಿಟ್ಟದ್ದು ಅಲ್ಲಿನ ಇನ್ನರ್ ಫಾರ್ನ್‌ನಲ್ಲಿ. ಇಳಿಯಲು ಬಿಡುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಜುಲೈ ಮುಗಿಯುವುದರೊಳಗೆ ಹೋದರೆ ಪಫಿನ್ ಹಕ್ಕಿಗಳು ಸಿಗುತ್ತವೆ. ಟೋಪಿ ಹಾಕಿಕೊಂಡೇ ಇಳಿಯಿರಿ: ಮರಿಗಳಿರುವ ಟರ್ನ್ ಹಕ್ಕಿಗಳು ನೇರ ನೆತ್ತಿಗೇ ಕುಕ್ಕುತ್ತವೆ, ಯಾತ್ರಿಕರೆಂಬ ರಿಯಾಯಿತಿ ಇಲ್ಲ.

ಹಂತ 4: ದಾಟುವುದು

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ.

ದ್ವೀಪಕ್ಕೆ ಎರಡು ದಾರಿ. ಒಂದು, 1954ರಲ್ಲಿ ಬಂದ ಟಾರು ರಸ್ತೆ, ವಾಹನಗಳಿಗೆ. ಇನ್ನೊಂದು ಪಿಲ್‌ಗ್ರಿಮ್ಸ್ ವೇ, ಮರಳು-ಕೆಸರಿನ ಮೇಲೆ ನೆಟ್ಟ ಕಂಬಗಳ ಸಾಲು ಹಿಡಿದು ಸುಮಾರು ಐದು ಕಿಲೋಮೀಟರ್ ನಡಿಗೆ. ಕೌನ್ಸಿಲ್ ಕೊಡುವ ವೇಳೆ ರಸ್ತೆಗೆ ಹೇಳಿದ್ದು, ಕಾಲ್ನಡಿಗೆಗಲ್ಲ. ನಡೆಯುವವರು ಆ ಅವಧಿಯ ಮೊದಲ ಅರ್ಧದಲ್ಲೇ, ನೀರು ಇನ್ನೂ ಇಳಿಯುತ್ತಿರುವಾಗಲೇ, ಆಚೆ ದಡ ಮುಟ್ಟಿರಬೇಕು. ಲೆಕ್ಕ ಹೀಗೆ: ರಸ್ತೆ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ತೆರೆದಿದೆ ಅನ್ನಿ. ನಡುಬಿಂದು ಒಂದೂವರೆ. ನಡಿಗೆಗೆ ಎರಡರಿಂದ ಎರಡೂವರೆ ಗಂಟೆ ಹಿಡಿಯುತ್ತದೆ. ಅಂದರೆ 11ಕ್ಕೆ ಕಂಬದ ಸಾಲಿಗೆ ಇಳಿಯಬೇಕು. ತಿಂಡಿ ತಡವಾಯಿತು, 12 ಆಯಿತು ಅಂದರೆ ಅವತ್ತು ಟ್ಯಾಕ್ಸಿಯೇ ಗತಿ.

ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಬರಿಗಾಲಲ್ಲಿ ಹೋಗುವವರು ಬಹಳ. ಮಳೆಗಾಲದ ಗಮ್‌ಬೂಟಾದರೂ ಸರಿ. ಮೊದಲು ಮರಳು ಗಟ್ಟಿಯಾಗಿ, ಅಲೆಯ ಗೆರೆ ಅಂಗಾಲಿಗೆ ಒತ್ತುತ್ತದೆ. ನಡುವೆ ಕರಿ ಕೆಸರು ಕಣಕಾಲು ನುಂಗುತ್ತದೆ, ಎಳೆದರೆ ಪಚಕ್ಕೆಂದು ಬಿಡುತ್ತದೆ. ಚಿಪ್ಪಿನ ಚೂರುಗಳು ಬ್ಲೇಡಿನಷ್ಟು ಹರಿತ, ನೋಡಿ ಹೆಜ್ಜೆ ಇಡಿ. ದೂರದಿಂದ ಯಾರೋ ಗುಂಪಾಗಿ ನರಳಿದಂತೆ ಕೇಳಿದರೆ ಹೆದರಬೇಡಿ, ಮರಳದಿಬ್ಬದ ಮೇಲೆ ಮಲಗಿದ ಸೀಲ್‌ಗಳು ಅವು.

ಒಬ್ಬರೇ ಬೇಡ. ಮಂಜು ಮುಸುಕಿದ ದಿನ ಬೇಡವೇ ಬೇಡ, ಕಂಬದಿಂದ ಕಂಬ ಕಾಣದಾಗುತ್ತದೆ. ದಾರಿಯಲ್ಲಿ ಏಣಿ ಹತ್ತಿ ಸೇರುವ ಮರದ ಅಟ್ಟಣಿಗೆಗಳಿವೆ. ನೀರು ಸುತ್ತುವರಿದರೆ ಮುಂದೆ ಓಡಲು ನೋಡದೆ ಅದನ್ನೇರಿ, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಿ. ಪ್ರತಿವರ್ಷ ಕಾರು ಮುಳುಗಿಸಿಕೊಳ್ಳುವವರು ಇದ್ದೇ ಇದ್ದಾರೆ.

ಪ್ರಾರ್ಥನೆ ಎಲ್ಲಿ ಬಂತು ಅನ್ನುತ್ತೀರಾ? ಕಂಬಕ್ಕೊಬ್ಬರಂತೆ ನಿಮ್ಮವರನ್ನು ನೆನೆಯುತ್ತ ಹೋಗಿ. ಮನೆಯವರು, ನೆಂಟರು, ಮಾತು ಬಿಟ್ಟವರು. ಕಂಬಗಳೇನೂ ಬೇಗ ಮುಗಿಯುವುದಿಲ್ಲ. ಕೊನೆಕೊನೆಗೆ ಹೆಸರು ಹುಡುಕಬೇಕಾಗುತ್ತದೆ, ಆಗ ಬರುವ ಹೆಸರುಗಳೇ ಕುತೂಹಲದವು.

ಹಂತ 5: ರಾತ್ರಿ ಉಳಿಯಿರಿ

ಅದೇ ಇಳಿತದಲ್ಲಿ ನಡೆದು ವಾಪಸಾಗಲು ಹೊತ್ತು ಸಾಲದು. ಹಾಗಾಗಿ ಕೋಣೆ ತಿಂಗಳುಗಳ ಮೊದಲೇ ಹಿಡಿಯಿರಿ, ಊರು ಚಿಕ್ಕದು. ರಸ್ತೆ ಮುಚ್ಚುವ ಹೊತ್ತಿಗೆ ಪ್ರವಾಸಿಗರ ಕಾರುಗಳೆಲ್ಲ ಹೊರಟುಹೋಗುತ್ತವೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ.

ಸೇಂಟ್ ಮೇರಿ ಎಂಬ ಆಂಗ್ಲಿಕನ್ ದೇವಾಲಯದಲ್ಲಿ ದಿನವೂ ಪ್ರಾರ್ಥನೆ ನಡೆಯುತ್ತದೆ, ವೇಳೆ ಬಾಗಿಲಲ್ಲಿ ಬರೆದಿರುತ್ತಾರೆ. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) 1947ರಲ್ಲಿ ಆಂಗ್ಲಿಕನ್ ಸಭೆಗಳನ್ನೂ ಸೇರಿಸಿಕೊಂಡು ಹುಟ್ಟಿದ್ದು. ಆದ್ದರಿಂದ ಸಿ.ಎಸ್.ಐ. ಸಭಿಕರಿಗೆ ಇಲ್ಲಿನ ಆರಾಧನೆಯ ಕ್ರಮ ಪರಿಚಿತವೇ ಅನಿಸೀತು. ಕ್ರೈಸ್ತರಲ್ಲದವರೂ ಹಿಂದಿನ ಬೆಂಚಿನಲ್ಲಿ ಕೂರಬಹುದು, ಯಾರೂ ಏನೂ ಕೇಳುವುದಿಲ್ಲ. ರೊಟ್ಟಿ-ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗೆ ಕೂತೇ ಇರಿ, ಅಥವಾ ಎದೆಯ ಮೇಲೆ ಕೈ ಕತ್ತರಿಯಾಗಿಟ್ಟು ಹೋದರೆ ಆಶೀರ್ವಾದ ಮಾತ್ರ ಕೊಡುತ್ತಾರೆ. ಒಳಗೆ ಫೆನ್ವಿಕ್ ಲಾಸನ್ ಎಲ್ಮ್ ಮರದಲ್ಲಿ ಕೆತ್ತಿದ ಆರು ಸನ್ಯಾಸಿಗಳು ಶವಪೆಟ್ಟಿಗೆ ಹೊತ್ತು ನಿಂತಿದ್ದಾರೆ. 793ರಲ್ಲಿ ವೈಕಿಂಗರು ದಾಳಿ ಮಾಡಿದರು, ಭಯ ಆಮೇಲೂ ತಪ್ಪಲಿಲ್ಲ, 875ರಲ್ಲಿ ಸನ್ಯಾಸಿಗಳು ಇಲ್ಲಿ ಹೂಳಿದ್ದ ಕತ್‌ಬರ್ಟರ ದೇಹವನ್ನು ಹೊತ್ತು ದ್ವೀಪ ಬಿಟ್ಟರು. ಆ ಹೆಗಲುಗಳನ್ನು ಹತ್ತಿರದಿಂದ ನೋಡಿ.

ಹಂತ 6: ಉತ್ತರದ ತೀರ

ಮರುದಿನ ಜನ ದ್ವೀಪದ ಕೋಟೆಯ ಕಡೆ ನುಗ್ಗುತ್ತಾರೆ, ನೀವು ಉತ್ತರಕ್ಕೆ ನಡೆಯಿರಿ. ಮರಳದಿಬ್ಬ ದಾಟಿದರೆ ಉದ್ದಕ್ಕೂ ಖಾಲಿ ಕಡಲತೀರ. ದಿಬ್ಬಗಳಲ್ಲಿ ಪಿರಿಪಿರಿ ಎಂಬ ಹೊರದೇಶದ ಗಿಡ ಹಬ್ಬಿದೆ, ನಮ್ಮ ಉತ್ತರಾಣಿಯಂತೆ ಕಾಲುಚೀಲಕ್ಕೆ ಮುತ್ತಿಕೊಳ್ಳುತ್ತದೆ. ಅಲ್ಲೇ ಕೂತು ಬಿಡಿಸಿ ಹಾಕಿ, ಬೀಜ ಬೇರೆ ಊರಿಗೆ ಒಯ್ಯಬೇಡಿ.

ಹಂತ 7: ಡರಮ್‌ನಲ್ಲಿ ಇಳಿಯಿರಿ

ವಾಪಸ್ ರೈಲಿನಲ್ಲಿ ಬೆರಿಕ್‌ನಿಂದ ಸುಮಾರು ಒಂದೂಕಾಲು ಗಂಟೆಗೆ ಡರಮ್. ಕತ್‌ಬರ್ಟರ ಶವಪೆಟ್ಟಿಗೆಯ ಅಲೆದಾಟ ಮುಗಿದದ್ದು ಇಲ್ಲಿ, 995ರಲ್ಲಿ. ಈಗಿನ ಕೆಥೀಡ್ರಲ್ ಕಟ್ಟಲು ತೊಡಗಿದ್ದು 1093ರಲ್ಲಿ. ಮುಖ್ಯ ಬಲಿಪೀಠದ ಹಿಂದೆ, ನೆಲದ ಕಲ್ಲಿನ ಮೇಲೆ ಕತ್‌ಬರ್ಟರ ಹೆಸರಷ್ಟೇ ಇದೆ. ಪಶ್ಚಿಮದ ತುದಿಯಲ್ಲಿ ಆ ಕುದುರೆಯ ಕಥೆ ಹೇಳಿದ ಬೀಡ್ ಮಲಗಿದ್ದಾರೆ. ಸಂಜೆಯ ಗಾಯನಪ್ರಾರ್ಥನೆ ಇರುವ ದಿನವಾದರೆ ರೈಲಿನ ಟಿಕೆಟ್ಟನ್ನು ಅದರ ನಂತರಕ್ಕೆ ತೆಗೆಸಿ. ಲಂಡನ್ನಿಗೆ ಮೂರೇ ಗಂಟೆ.