ಮುತ್ತಿನ ಚಿಪ್ಪು

ಮುತ್ತನ್ನು ಮೆಚ್ಚದವರಾರು? ಆದರೆ ಅದನ್ನು ಹೆತ್ತ ಚಿಪ್ಪನ್ನು ಕಣ್ಣಿಟ್ಟು ನೋಡುವವರು ವಿರಳ. ಚಿಪ್ಪಿನ ಹೊರಮೈ ಒರಟಾಗಿಯೂ ಮಂಕಾಗಿಯೂ ಇರುವುದು. ಒಳಮೈಯಾದರೋ ಬೆಳ್ಳಿಯಂತೆ ಬೆಳಗಿ, ಹೊರಳಿಸಿದಂತೆಲ್ಲ ನಸುಗೆಂಪು, ಹಸುರು, ನೀಲಿಗಳ ಛಾಯೆಯನ್ನು ತೋರುವುದು.

ಈ ಒಳಪದರವು ಯಾವುದರಿಂದಾದುದು? ನೂರಕ್ಕೆ ಸುಮಾರು 95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಎಂದರೆ, ಸುಣ್ಣದ ಕಲ್ಲಿನಲ್ಲಿಯೂ ಕೋಳಿಮೊಟ್ಟೆಯ ಓಡಿನಲ್ಲಿಯೂ ಇರುವ ಸಾಮಾನ್ಯ ದ್ರವ್ಯದಿಂದಲೇ. ಚಿಪ್ಪಿನೊಳಗಿನ ಮೃದುವಾದ ಪ್ರಾಣಿಯು ಅದನ್ನು ಅತಿ ತೆಳುವಾದ ಬಿಲ್ಲೆಗಳನ್ನಾಗಿಸಿ, ಗೋಡೆಗೆ ಇಟ್ಟಿಗೆಗಳನ್ನಿಡುವಂತೆ ಸಾಲುಸಾಲಾಗಿ ಜೋಡಿಸಿ, ನಡುನಡುವೆ ತನ್ನ ಮೈಯಿಂದ ಒಸರುವ ಅಂಟನ್ನು ಸೇರಿಸುವುದು. ಇಂತಹ ಎರಡು ಸಾವಿರ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟರೆ ದಪ್ಪವು ಸುಮಾರು ಒಂದು ಮಿಲಿಮೀಟರು ಮಾತ್ರ. ಈ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದರೊಡನೊಂದು ಕೂಡಿದಾಗ ಕೆಲವು ಬಣ್ಣಗಳು ಹೆಚ್ಚುವುವು, ಕೆಲವು ಅಡಗುವುವು. ಆದುದರಿಂದ ಇದು ಬಳಿದ ಬಣ್ಣವಲ್ಲ. ಪದರಗಳು ಕೆಡದಿರುವ ತನಕ ಅದು ಉಳಿಯುವುದು.

ಇದಕ್ಕೆ ನಿದರ್ಶನವು ನಮ್ಮ ಬೀದರಿನ ಕೋಟೆಯಲ್ಲಿರುವ ರಂಗೀನ್ ಮಹಲು. ಬರೀದ್ ಶಾಹಿ ವಂಶದ ಅಲಿ ಬರೀದ್ ಶಹನು ತನ್ನ ಆಳಿಕೆಯಲ್ಲಿ (1542–1580) ಅದನ್ನು ಅಲಂಕರಿಸಿದನು. ಕಡಲಿಗೆ ಬಹು ದೂರವಾದ ಆ ಊರಿನಲ್ಲಿ, ಕಾಡಿಗೆಯಂತೆ ಕಪ್ಪಾದ ಕಲ್ಲಿನೊಳಗೆ ಕಡಲಿನ ಚಿಪ್ಪು ಬಳ್ಳಿಯಾಗಿಯೂ ಪಾರಸಿ ಪದ್ಯಗಳ ಅಕ್ಷರವಾಗಿಯೂ ಹೊಳೆಯುತ್ತಿದೆ. ಫತೇಪುರ ಸಿಕ್ರಿಯಲ್ಲಿ ಸಲೀಂ ಚಿಷ್ತಿಯ ಗೋರಿಯ ಮೇಲಣ ಮರದ ಮಂಟಪಕ್ಕೂ ಇದೇ ಅಲಂಕಾರವುಂಟು.

ಈ ಕೆಲಸಕ್ಕೆ ತಾಳ್ಮೆ ಬೇಕು. ಚಿಪ್ಪನ್ನು ಸಣ್ಣ ಗರಗಸದಿಂದ ಬೇಕಾದ ಆಕಾರಕ್ಕೆ ಕೊಯ್ದು, ಅದೇ ಆಕಾರದ ಕುಳಿಯನ್ನು ಕಲ್ಲಿನಲ್ಲಾಗಲಿ ಮರದಲ್ಲಾಗಲಿ ತೋಡಿ, ಅಂಟಿನಿಂದ ಕೂರಿಸಿ, ಎರಡೂ ಒಂದೇ ಸಮವಾಗುವಂತೆ ಉಜ್ಜಬೇಕು. ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶಗಳಿಗೆ ಕೇಡು. ಆದಕಾರಣ ನೀರು ಹಾಕುತ್ತ ಕೊಯ್ಯುವುದು ಕ್ಷೇಮ.

ಸೋದರಿಯರೇ, ನಮ್ಮ ಮನೆಗಳಲ್ಲಿಯೂ ಅಜ್ಜಿಯ ಕಾಲದ ರವಿಕೆಯ ಗುಂಡಿಯೋ ಚಿಕ್ಕ ಪೆಟ್ಟಿಗೆಯೋ ಈ ಚಿಪ್ಪಿನದಾಗಿರಬಹುದು. ಅದನ್ನು ಹಿತ್ತಾಳೆಯ ಪಾತ್ರೆಯಂತೆ ಹುಣಿಸೆಹಣ್ಣಿನಿಂದ ತಿಕ್ಕಬೇಡಿರಿ. ನಿಂಬೆಯ ರಸವೂ ಬೇಡ. ಹುಳಿಯು ಸುಣ್ಣವನ್ನು ಕರಗಿಸುವುದು. ಹೋದ ಹೊಳಪು ಮರಳಿ ಬಾರದು. ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು.

ಬೀದರಿಗೆ ಹೋದಾಗ ಆ ಕರಿಯ ಕಲ್ಲನ್ನು ಮುಟ್ಟದೆ, ಅದರ ಮುಂದೆ ಎರಡು ಹೆಜ್ಜೆ ಎಡಕ್ಕೂ ಎರಡು ಹೆಜ್ಜೆ ಬಲಕ್ಕೂ ಸರಿದು ನೋಡಿರಿ. ನಾನೂರು ವರ್ಷಗಳ ಮೇಲೆಯೂ ಆ ಬಣ್ಣಗಳು ನಿಮ್ಮೊಡನೆ ಸರಿಯುವುವು.