ಬಂಡಿಯ ಭಾರ, ಮೋಟಾರಿನ ಭಾರ

ಬಂಡಿ ಹೇರುವ ರೈತನನ್ನು ನಾವು ನಮ್ಮ ಊರಿನಲ್ಲಿ ಬಾಲ್ಯದಿಂದಲೂ ಕಂಡವರು. ಮುಂಭಾರವಾದರೆ ನೊಗವು ಎತ್ತಿನ ಕೊರಳನ್ನು ಒತ್ತುವುದು. ಹಿಂಭಾರವಾದರೆ ಮೂಕಿಯು ಮೇಲೇಳುವುದು. ಆದುದರಿಂದ ಆತನು ಒಂದೆರಡು ಚೀಲಗಳನ್ನು ಸರಿಸಿ ಭಾರವನ್ನು ಸಮಗೊಳಿಸುವನು.

ಓಟದ ಕಾರಿಗೂ ಇದೇ ನ್ಯಾಯ. ಎಂಜಿನೂ ಬ್ಯಾಟರಿಯೂ ಮುಂದೆಯೇ ಇದ್ದು ಮುಂಭಾರ ಹೆಚ್ಚಾದರೆ, ಕಾರು ತಿರುವಿನಲ್ಲಿ ತಿರುಗಲೊಲ್ಲದೆ ಹೊರಕ್ಕೆ ಜಾರಲೆಳಸುವುದು. ಮುಂದಿನ ಅಚ್ಚಿನ ಮೇಲೆ 520, ಹಿಂದಿನದರ ಮೇಲೆ 480 ಕಿಲೋಗ್ರಾಂ ಭಾರವಿದೆಯೆಂದು ಭಾವಿಸೋಣ. ಮುಂದಿನ ಅಚ್ಚಿನ ನೇರದಲ್ಲಿರುವ 20 ಕಿಲೋಗ್ರಾಂ ಬ್ಯಾಟರಿಯನ್ನು ಹಿಂದಿನ ಅಚ್ಚಿನ ನೇರಕ್ಕೆ ಒಯ್ದರೆ ಎರಡೂ ಕಡೆ 500 ಆಗುವುದು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಕಾರಿನ ಬ್ಯಾಟರಿಯು ಹಿಂದಿನ ಡಿಕ್ಕಿಯಲ್ಲಿಯೇ ಇದ್ದಿತು.

ಆದರೆ ಎಚ್ಚರವೂ ಬೇಕು. ಸೀಸದ ಬ್ಯಾಟರಿಯಿಂದ ಹೊರಡುವ ಜಲಜನಕವು ಹೊತ್ತಿಕೊಳ್ಳುವಂಥದು. ಅದಕ್ಕೆ ಹೊರದಾರಿ ಇರಬೇಕು. ಉದ್ದನೆಯ ತಂತಿಯು ದಪ್ಪನಾಗಿದ್ದು, ಬ್ಯಾಟರಿಯ ಬಳಿಯಲ್ಲಿಯೇ ಫ್ಯೂಜು ಇರಬೇಕು. ಬ್ಯಾಟರಿಯನ್ನು ಅಲುಗದಂತೆ ಬಿಗಿಯಬೇಕು.

2023ರ ಫೆಬ್ರವರಿ 11ರಂದು ನಮ್ಮ ಹುಸೇನ್‌ಸಾಗರದ ದಡದಲ್ಲಿ ಓಡಿದ ಫಾರ್ಮುಲಾ-ಇ ವಿದ್ಯುತ್ ಕಾರುಗಳಲ್ಲಿ ಭಾರವಾದ ಬ್ಯಾಟರಿಯು ಚಾಲಕನ ಬೆನ್ನಿನ ಹಿಂದೆ, ಎರಡು ಅಚ್ಚುಗಳ ನಡುವೆ ಇದ್ದಿತು. ಅಲ್ಲಿಯೂ ನಡೆದುದು ಬಂಡಿ ಹೇರುವವನ ಲೆಕ್ಕವೇ. ಹಳ್ಳಿಯಿಂದ ಬಂದ ಬಾಲಕ ಬಾಲಿಕೆಯರು ತಮ್ಮ ಹಿರಿಯರ ಅರಿವಿಗಾಗಿ ಈ ಪಟ್ಟಣದಲ್ಲಿ ನಾಚಬೇಕಾದುದಿಲ್ಲ.